ಕಾಮಾಲೆ ಬಂತು, ತರಬೇತಿ ಆಯ್ತು

ಮಂಗಳೂರಿನಲ್ಲಿ ಮತ್ತೊಂದು ತರಬೇತಿ ಮುಗಿಯಿತು. ಹೊಟ್ಟೆ, ಕರುಳು, ಲಿವರಿನ ಕಾಯಿಲೆಗಳು ಊರಲ್ಲಿ ಹೇಗೆ ಹರಡುತ್ತವೆ ಎಂಬುದೇ ವಿಷಯ. ಅದರ ಉದ್ಘಾಟನೆಯ ಫೋಟೋ ನೋಡಿದೆ. ಒಂದು ದೀಪ ಹಚ್ಚಲು ಹನ್ನೊಂದು ಜನ. ಪ್ರತಿಯೊಬ್ಬರ ಮುಂದೆ ಸೀಲ್ ಒಡೆಯದ ನೀರಿನ ಬಾಟಲಿ. ವಿಷಯ ಚೆನ್ನಾಗಿ ತಿಳಿದವರೇ ಬಿಡಿ.

ಇಲ್ಲಿನ ಮೆಡಿಕಲ್ ಕಾಲೇಜುಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಲುವುದಿಲ್ಲ. ಆದರೆ ನಮ್ಮ ಓಣಿಯ ನಾಲ್ಕು ಮನೆಗೆ ಜಾಂಡಿಸ್ ಬಂದಾಗ ಎಣಿಸಲು ಯಾರೂ ಬರಲಿಲ್ಲ. ಅಲ್ಲ, ಸುಳ್ಳು ಹೇಳಬಾರದು, ಒಬ್ಬರು ಬಂದರು. ಬಾವಿಯಿಂದ ಒಂದು ಬಾಟಲಿ ನೀರು ಒಯ್ದರು. ವಾರ ಬಿಟ್ಟು ವರದಿ ಬಂತು: ನೀರು ಸರಿ ಇದೆ. ಇರಬಹುದು ಮಾರಾಯ್ರೆ! ಇಂಥ ಜಾಂಡಿಸ್ ತರುವ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಬೇಕು. ನಾವು ಕುಡಿದದ್ದು ಮೊದಲ ಮಳೆಗೆ ಚರಂಡಿ ಉಕ್ಕಿದಾಗಿನ ನೀರು. ಅವರು ಒಯ್ದದ್ದು ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ನೀರು.

ಹೋಗುವಾಗ "ಕುದಿಸಿ ಕುಡಿಯಿರಿ" ಎಂದರು. ಇದನ್ನು ನಮ್ಮ ಹೋಟೆಲಿನವರಿಗೆ ಹೇಳಬೇಕು. ಗೋಳಿಬಜೆ ಜೊತೆ ಬಿಸಿನೀರು ಕೇಳಿ ನೋಡಿ. ಹುಡುಗ ಅರ್ಧ ಲೋಟ ಕುದಿಯುವ ನೀರು ತರುತ್ತಾನೆ. ನಾಲಗೆ ಸುಟ್ಟೀತೆಂಬ ಪ್ರೀತಿಯಿಂದ ಉಳಿದರ್ಧಕ್ಕೆ ನಲ್ಲಿ ನೀರು ಸೇರಿಸುತ್ತಾನೆ. ಕ್ರಿಮಿಗಳಿಗೂ ಹದವಾದ ಸ್ನಾನ.

ಇಂಥ ತರಬೇತಿಗಳಲ್ಲಿ ಜಾನ್ ಸ್ನೋ ಸ್ಲೈಡ್ ಇದ್ದೇ ಇರುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ. ಆ ಡಾಕ್ಟರು ಮನೆ ಮನೆ ಅಲೆದು, ಸತ್ತವರು ಎಲ್ಲಿನ ನೀರು ಕುಡಿದಿದ್ದರು ಎಂದು ಕೇಳಿದರು. ಕಾಲರಾ ಕ್ರಿಮಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಬೀದಿ ಪಂಪಿನ ಹ್ಯಾಂಡಲ್ ತೆಗೆಸಿದರು. ಪವರ್‌ಪಾಯಿಂಟ್ ಇರಲಿಲ್ಲ ನೋಡಿ, ಪುರುಸೊತ್ತಿತ್ತು. ನಮ್ಮಲ್ಲಿ ಹ್ಯಾಂಡಲ್ ಬಿಚ್ಚುವವರು ಗುಜರಿಯವರು ಮಾತ್ರ.

ಪಕ್ಕದ ಮನೆಯ ಹುಡುಗ ಒಂದು ತಿಂಗಳು ಗಂಜಿಯಲ್ಲೇ ಕಳೆದ. ಅವನ ತಾಯಿಯ ಬೀಡಿ ಮಜೂರಿಯೆಲ್ಲ ಆಸ್ಪತ್ರೆಗೆ, ಆಟೋಗೆ ಹೋಯಿತು. ನಾಲ್ಕು ಮನೆ, ಒಂದೇ ಬಾವಿ. ಇದನ್ನು ಕಂಡುಹಿಡಿಯಲು ಯಾವ ಸಂಶೋಧನೆ ಬೇಕು? ಬಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಮೊನ್ನೆ ನಾವೇ ಬಾವಿಯ ಹಗ್ಗ, ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಈಗ ಟ್ಯಾಂಕರಿನವನನ್ನು ಕಾಯುತ್ತೇವೆ. ನೀರು ಎಲ್ಲಿಂದ ತರುತ್ತೀ ಎಂದು ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆ.