ವಿಯೆಟ್ನಾಂ ರೈಲಿನಲ್ಲಿ ಸಿಕ್ಕ ಕಾಫಿ ತೋಟದವರು

ಕೊಡಗಿನಲ್ಲಿ, ನಮ್ಮ ಸುಂಟಿಕೊಪ್ಪದ ಕಡೆ, ಕಾಳುಮೆಣಸಿನ ರೇಟು ಬಿದ್ದರೆ ವಿಯೆಟ್ನಾಂಗೆ ಬೈಗುಳ. ರೋಬಸ್ಟಾ ಕಾಫಿಯ ರೇಟು ಇಳಿದರೂ ವಿಯೆಟ್ನಾಂಗೇ ಬೈಗುಳ, ಅವರೂ ಇವೆರಡನ್ನೇ ರಾಶಿ ರಾಶಿ ಬೆಳೆಯುತ್ತಾರಲ್ಲ. ನಾನೂ ಎಷ್ಟೋ ಸಲ ಬೈದಿದ್ದೇನೆ. ಹೋದ ವರ್ಷ ನಾನು, ನಮ್ಮನೆಯವರು ಆ ದೇಶಕ್ಕೇ ಹೋಗಿ ಬಂದೆವು.

ರಾಜಧಾನಿ ಹನೋಯ್‌ನಿಂದ ದಕ್ಷಿಣದ ಕಡಲ ತೀರದ ಊರು ನ್ಯಾ ಟ್ರಾಂಗ್‌ಗೆ ವಿಮಾನವಿದೆ, ಎರಡು ಗಂಟೆಯ ದಾರಿ. ನಾವು ರೈಲು ಹತ್ತಿದೆವು. 1,315 ಕಿಲೋಮೀಟರ್, 25 ಗಂಟೆಗೂ ಜಾಸ್ತಿ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ, ಮೈಸೂರಿಗೆ ಹೋಗಿ ಹತ್ತಬೇಕು. ಹಾಗಾಗಿ ನನಗೆ ಇವತ್ತಿಗೂ ರೈಲು ಅಂದ್ರೆ ಆಸೆ. ಹನೋಯ್‌ನಿಂದ ಸೈಗಾನ್‌ವರೆಗಿನ ಈ ದಾರಿ ಒಟ್ಟು 1,726 ಕಿಲೋಮೀಟರ್. 1936ರಲ್ಲಿ ಪೂರ್ತಿಯಾಯಿತು, ಯುದ್ಧದಲ್ಲಿ ತುಂಡಾಯಿತು, 1976ರ ಕೊನೆಯಲ್ಲಿ ಮತ್ತೆ ಉದ್ದಕ್ಕೂ ರೈಲು ಓಡಿತು.

ಆರು ಬರ್ತ್‌ನ ಸ್ಲೀಪರ್ ತೆಗೆದುಕೊಂಡೆವು. ತೀರಾ ಮೇಲಿನ ಬರ್ತ್‌ನಲ್ಲಿ ತಲೆ ಎತ್ತಿ ಕೂರಲೂ ಆಗುವುದಿಲ್ಲ. ಕೆಳಗಿನ ಎರಡರಲ್ಲಿ ನಮ್ಮ ವಯಸ್ಸಿನ ಗಂಡ ಹೆಂಡತಿ ಇದ್ದರು. ಮೊದಲ ರಾತ್ರಿ ಒಂದು ನಗು ಬಿಟ್ಟರೆ ಬೇರೆ ಮಾತಿಲ್ಲ. ಎರಡು ಗಂಟೆಯ ಪ್ರಯಾಣವಾಗಿದ್ದರೆ ಅಷ್ಟರಲ್ಲೇ ಇಳಿದು ಹೋಗಿರುತ್ತಿದ್ದೆವು, ಅಲ್ವಾ?

ಬೆಳಿಗ್ಗೆ ಆಕೆ ತನ್ನ ಹಾಸಿಗೆ ಮಡಚಿ, ಕೈಯಿಂದ ತಟ್ಟಿ, ಕೂತ್ಕೋ ಅಂದಳು. ಬೋಗಿಯ ತುದಿಯಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ. ಅಲ್ಲಿಂದ ನೀರು ತಂದು ಲೋಟದ ಮೇಲೆ ಸಣ್ಣ ಫಿಲ್ಟರ್ ಇಟ್ಟು ಕಾಫಿ ಇಳಿಸಿದಳು. ಕೆಳಗೆ ಗಟ್ಟಿ ಸಿಹಿ ಹಾಲು. ಅವರ ಬಾಯಲ್ಲಿ 'ಕಾಫೇ', ನಮ್ಮ ಬಾಯಲ್ಲಿ 'ಕಾಪಿ'. ಇಬ್ಬರಿಗೂ ಗೊತ್ತಿದ್ದ ಮೊದಲ ಪದ ಅದು. ನಾನು ಫೋನ್ ತೆಗೆದು ನಮ್ಮ ತೋಟದ ಫೋಟೊ ತೋರಿಸಿದೆ. ಆಕೆ ಕಿರುಚಿ ಗಂಡನನ್ನು ಎಬ್ಬಿಸಿದಳು.

ಅವರದ್ದು ಘಟ್ಟದ ಮೇಲಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ರೋಬಸ್ಟಾ ತೋಟ! ಉತ್ತರದಲ್ಲಿದ್ದ ಅಪ್ಪ ಅಮ್ಮನನ್ನು ನೋಡಿಕೊಂಡು ವಾಪಸ್ ಹೊರಟಿದ್ದರು. ನ್ಯಾ ಟ್ರಾಂಗ್‌ನಲ್ಲಿ ಇಳಿದು ಬಸ್ಸಿನಲ್ಲಿ ಘಟ್ಟ ಹತ್ತಬೇಕಿತ್ತು.

ಆಮೇಲೆ ಇಡೀ ದಿನ ಫೋನಿನ ಅನುವಾದದಲ್ಲಿ ಮಾತು. ನಮ್ಮ ತೋಟದ ನೆರಳಿನ ಮರಗಳನ್ನು ಕಂಡು, ಇಷ್ಟು ಮರ ಯಾಕೆ ಅಂದರು. ಅವರ ಗಿಡಗಳು ಬಯಲಲ್ಲೇ ನಿಂತಿದ್ದವು, ಫಸಲು ನಮಗಿಂತ ಎಷ್ಟೋ ಜಾಸ್ತಿ. ಆದರೆ ನಮ್ಮ ಹಾಗೆ ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ನಂಬಿ ಕೂರುವಂತಿಲ್ಲ, ಬೇಸಿಗೆಯಲ್ಲಿ ನೀರು ಹಾಯಿಸಲೇಬೇಕು. ಬಾವಿಯಲ್ಲಿ ನೀರು ಕೆಳಗೆ ಹೋಗುತ್ತಿದೆ ಅಂತ ಆತ ಕೈ ತಗ್ಗಿಸಿ ತೋರಿಸಿದ. ಹಾಯ್ ವಾನ್ ಘಟ್ಟ ಬಂದಾಗ ಎಲ್ಲರೂ ಕಿಟಕಿಗೆ ಅಂಟಿಕೊಂಡರು. ಒಂದು ಕಡೆ ಕಾಡು, ಕೆಳಗೆ ಸಮುದ್ರ. ನಾವು ನಾಲ್ವರೂ ಕತ್ತೆತ್ತಿ ನೋಡಿ, ಮತ್ತೆ ಮೆಣಸಿನ ರೇಟಿಗೆ ಬಂದೆವು.

ಆಕೆಗೂ ಬೆಳಗ್ಗೆ ಎದ್ದು ಮೊದಲು ನೋಡುವುದು ಅವತ್ತಿನ ರೇಟೇ. ಮೆಣಸಿನ ರೇಟು ಬಿದ್ದ ವರ್ಷ ಸಾಲ ಮಾಡಿದ್ದರಂತೆ. ನಾವೂ ಮಾಡಿದ್ದೆವು. ಇಷ್ಟು ವರ್ಷ ಯಾರಿಗೆ ಬೈಯುತ್ತಿದ್ದೆ ಅಂತ ಗಂಟಲು ಕಟ್ಟಿತು.

ಪ್ಯಾಕೇಜ್ ಟೂರ್ ಹೋಗುವವರನ್ನು ನಾನು ಹಳಿಯುವುದಿಲ್ಲ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ ಅದೇ ಸರಿ. ಆ ರೈಲಿನ ಟಾಯ್ಲೆಟ್ ಸಂಜೆಗೆ ಹೇಗಿತ್ತು ಅಂತ ಹೇಳುವುದು ಬೇಡ. ಆದರೆ ಮೈಯಲ್ಲಿ ಶಕ್ತಿ ಇರುವವರು ಒಂದು ಉದ್ದದ ದಾರಿಯನ್ನಾದರೂ ಊರಿನವರ ಜೊತೆ ಕೂತು ಹೋಗಿ. ನಮ್ಮ ಪ್ರೈವೇಟ್ ಬಸ್ಸನ್ನೇ ನೋಡಿ. ಗುರುತಿಲ್ಲದವರ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ, ತೋಟದ ಗೇಟಿನ ಹತ್ತಿರ ಡ್ರೈವರ್ ಪಾರ್ಸೆಲ್ ಇಳಿಸಿ ಹೋಗುತ್ತಾರೆ. ಕಾರಿನಲ್ಲಿ ಬಂದು ರಾಜಾಸೀಟ್, ಅಬ್ಬಿ ಫಾಲ್ಸ್ ನೋಡಿ ಹೋಗುವವರಿಗೆ ಇದು ಕಾಣುವುದೇ ಇಲ್ಲ. ಬೇರೆ ದೇಶಕ್ಕೆ ಹೋದಾಗ ನಾವೂ ಹಾಗೆ ನೋಡಿ ಬರಬಾರದು ಅಂತ ನನ್ನ ಆಸೆ.

ರಾತ್ರಿ ನ್ಯಾ ಟ್ರಾಂಗ್‌ನಲ್ಲಿ ಎಲ್ಲರೂ ಇಳಿದೆವು. ಆಕೆ ಮನೆಯ ಕಾಫಿಪುಡಿ ಕೊಟ್ಟಳು. ಊಟಕ್ಕೆ ಅಂತ ನಾನು ಒಯ್ದಿದ್ದ ಮೆಣಸಿನ ಪೊಟ್ಟಣ ಆಕೆಯ ಕೈಗಿಟ್ಟೆ. ಮೂಸಿ ನೋಡಿ, ಕಣ್ಣರಳಿಸಿ, ಬ್ಯಾಗಿನಲ್ಲಿ ಇಟ್ಟುಕೊಂಡಳು. ಇಬ್ಬರ ಫೋನಿನಲ್ಲೂ ಫೇಸ್‌ಬುಕ್ ಇತ್ತು. ಈ ಸಲ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಆಕೆಯೂ ಒಂದು ಕಳಿಸಿದಳು. ಬಯಲಲ್ಲಿ ಸಾಲಾಗಿ ನಿಂತ ಗಿಡಗಳು, ನೀರು ಹಾಯಿಸುವ ಪೈಪು, ಗಿಡದ ತುಂಬ ಅದೇ ಬಿಳಿ ಹೂವು.