ಸ್ಪಷ್ಟನೆ: ನ್ಯೂಯಾರ್ಕ್‌ನಲ್ಲಿ ಯಾರಿಗೂ ಉಚಿತವಾಗಿ ಮನೆ ಹಂಚುತ್ತಿಲ್ಲ

‘ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಕಟ್ಟುವ ಪ್ರತಿ ಕಟ್ಟಡದ ಕಾಲು ಭಾಗವನ್ನು ಬಡವರಿಗೆ ಉಚಿತವಾಗಿ ಕೊಡಬೇಕು’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ತಪ್ಪು.

ಹೊಸ ಕಟ್ಟಡದ ಒಂದಷ್ಟು ಮನೆಗಳನ್ನು ಕೈಗೆಟಕುವ ಬಾಡಿಗೆಗೆ ಮೀಸಲಿಡಬೇಕು ಎಂದು 2016ರಲ್ಲಿ ಆ ನಗರ ಜಾರಿಗೆ ತಂದ ನಿಯಮ ಎಲ್ಲ ಕಟ್ಟಡಗಳಿಗೂ ಅನ್ವಯಿಸುವುದಿಲ್ಲ. ಎಲ್ಲಿ ಏನು, ಎಷ್ಟು ಕಟ್ಟಬಹುದು ಎಂದು ಹೇಳುವ ವಲಯ ನಿಯಮ ಬದಲಿಸಿ, ಮೊದಲಿಗಿಂತ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟ ಕಡೆ ಮಾತ್ರ ಅದು ಕಡ್ಡಾಯ. ‘ಕಾಲು ಭಾಗ’ ಎನ್ನುವುದೂ ಹಲವು ಆಯ್ಕೆಗಳಲ್ಲಿ ಒಂದು.

ಉಚಿತ ಎಂಬ ಮಾತಂತೂ ಶುದ್ಧ ಸುಳ್ಳು. ಪ್ರದೇಶದ ಮಧ್ಯಮ ಆದಾಯದ (ಅರ್ಧದಷ್ಟು ಕುಟುಂಬಗಳು ಅದಕ್ಕಿಂತ ಹೆಚ್ಚು, ಉಳಿದರ್ಧ ಕಡಿಮೆ ಗಳಿಸುವ ಮೊತ್ತ) ಆಧಾರದ ಮೇಲೆ ಒಂದು ಮಟ್ಟ ಗೊತ್ತುಮಾಡಿ, ಅದರ ಸುಮಾರು ಶೇ 30ರಷ್ಟನ್ನು ಬಾಡಿಗೆಯಾಗಿ ನಿಗದಿಪಡಿಸುತ್ತಾರೆ. ಆ ಮಟ್ಟ ತಿಂಗಳಿಗೆ 4,000 ಡಾಲರ್ ಎಂದುಕೊಳ್ಳಿ, ಬಾಡಿಗೆ ಸುಮಾರು 1,200 ಡಾಲರ್ ಆಗುತ್ತದೆ. ಇದನ್ನು ದಾನ ಎನ್ನಲಾದೀತೇ? ಹಂಚಿಕೆ ನಡೆಯುವುದು ಲಾಟರಿ ಮೂಲಕ. ಹೆಸರು ಬಂದರೂ ಆದಾಯದ ದಾಖಲೆ ತೋರಿಸದೆ ಬೀಗದ ಕೈ ಸಿಗುವುದಿಲ್ಲ.

ನನಗೆ ನಿಜಕ್ಕೂ ಕಳವಳ ತರುವ ಸಂಗತಿ ಬೇರೆ. ಆ ‘ಮಧ್ಯಮ ಆದಾಯ’ದ ಲೆಕ್ಕದಲ್ಲಿ ನಗರದಾಚೆಯ ಅನುಕೂಲಸ್ಥ ಉಪನಗರಗಳೂ ಸೇರುತ್ತವೆ. ಹಾಗಾಗಿ ‘ಕೈಗೆಟಕುವ’ ಬಾಡಿಗೆಯೇ ನಗರದ್ದೇ ಭಾಗವಾದ ಬ್ರಾಂಕ್ಸ್‌ನ ಬಡ ಕುಟುಂಬಕ್ಕೆ ಎಟುಕದೆ ಹೋಗಬಹುದು. ಚರ್ಚೆಯಾಗಬೇಕಾದದ್ದು ಇದು.