ಸೀಲ್ ಅಂದರೆ ಬೀಗವಲ್ಲ

ಕೆಲವು ವರ್ಷಗಳ ಹಿಂದೆ ಯಂತ್ರವೊಂದರ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಗೇರ್‌ಬಾಕ್ಸಿನ ಪುಟದಲ್ಲಿ, ಸೀಲ್ ಸವೆದಿದ್ದರೆ ಬದಲಿಸಬೇಕು ಎಂಬ ಸೂಚನೆ ಇತ್ತು. ನಿಘಂಟು ತೆರೆದೆ, ಮೊದಲು ಕಣ್ಣಿಗೆ ಬಿದ್ದದ್ದು ‘ಮುದ್ರೆ’. ‘ಮುದ್ರೆ ಸವೆದಿದ್ದರೆ ಬದಲಿಸಿ’ ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಅದು ಅಚ್ಚಾದ ಮೇಲೆ ಒಬ್ಬ ಮೆಕ್ಯಾನಿಕ್ ಫೋನ್ ಮಾಡಿದರು. “ಸಾರ್, ಯಾವ ಮುದ್ರೆ ಇದು? ಬಾಡಿ ಮೇಲೆ ಕಂಪನಿ ಹೆಸರು ಒತ್ತಿದ್ದಾರಲ್ಲ, ಅದಾ?” ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಕೂರುವ ರಬ್ಬರ್ ಬಳೆ ಎಂದು ವಿವರಿಸಿದೆ. “ಓ, ಆಯಿಲ್ ಸೀಲು! ಹಂಗೇ ಬರೀಬೇಕಿತ್ತು ಸಾರ್. ಅದು ಹೋದ್ರೆ ಆಯಿಲ್ ಎಲ್ಲಾ ಸೋರಿ ಗೇರೇ ಹಿಡ್ಕೊಂಡುಬಿಡುತ್ತೆ.”

ಅವರು ಕೇಳದೇ ಇದ್ದಿದ್ದರೆ? ಒಂದು ಪದಕ್ಕೆ ಒಂದು ಯಂತ್ರ ಹಾಳಾಗುತ್ತಿತ್ತು. ಅವತ್ತಿನಿಂದ ಈ ನಾಲ್ಕಕ್ಷರದ ಇಂಗ್ಲಿಷ್ ಪದ ನನ್ನನ್ನು ಬಿಟ್ಟಿಲ್ಲ. ಅನುವಾದ ಮಾಡುವವರು, ಸುದ್ದಿ ಬರೆಯುವವರು ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಪದದ ಮೂಲ ಲ್ಯಾಟಿನ್ನಿನ ‘ಸಿಗಿಲ್ಲುಮ್’. ‘ಸಿಗ್ನುಮ್’ ಅಂದರೆ ಗುರುತು, ‘ಸಿಗಿಲ್ಲುಮ್’ ಅಂದರೆ ಪುಟ್ಟ ಗುರುತು. ಫ್ರೆಂಚಿನ ಮೂಲಕ ಸವೆದು ಸವೆದು ಇಂಗ್ಲಿಷಿಗೆ ಬರುವಾಗ ಸೀಲ್ ಆಯಿತು. ಸೈನ್, ಸಿಗ್ನಲ್, ಸಿಗ್ನೇಚರ್ ಎಲ್ಲ ಇದರ ದಾಯಾದಿಗಳೇ. ನೋಡಿ, ಹುಟ್ಟಿನಲ್ಲಿ ‘ಮುಚ್ಚು’ ಎಂಬ ಅರ್ಥವೇ ಇಲ್ಲ. ಗುರುತು ಮೊದಲು, ಮುಚ್ಚುವುದು ಆಮೇಲೆ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ನನಗೆ ಪದೇ ಪದೇ ನೆನಪಾಗುವುದು ಪ್ರಾಚೀನ ಈಜಿಪ್ಟಿನ ಅರಸ ಟುಟಾಂಖಾಮನ್‌ನ ಗೋರಿ. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಅದನ್ನು ಪತ್ತೆ ಮಾಡಿದಾಗ, ಕಳ್ಳರು ಪ್ರಾಚೀನ ಕಾಲದಲ್ಲೇ ಒಳಗೆ ನುಗ್ಗಿದ್ದ ಕುರುಹು ಕಾಣಿಸಿತು. ಅರಸನ ದೇಹದ ಸುತ್ತ ಒಂದರೊಳಗೊಂದು ನಾಲ್ಕು ಮರದ ಗೂಡುಗಳು, ಎಲ್ಲಕ್ಕೂ ಚಿನ್ನದ ತಗಡು. ಹೊರಗಿನದಕ್ಕೆ ಅಗುಳಿ ಇತ್ತು, ಮುದ್ರೆ ಇರಲಿಲ್ಲ. ಅದನ್ನು ತೆರೆದು ನೋಡಿದರೆ ಎರಡನೆಯ ಗೂಡಿನ ಬಾಗಿಲಲ್ಲಿ, ಎರಡು ಬಳೆಗಳ ನಡುವೆ ಹಗ್ಗ ಸುತ್ತಿ ಗಂಟು ಹಾಕಿ, ಅದರ ಮೇಲೊಂದು ಜೇಡಿಮಣ್ಣಿನ ಉಂಡೆ ಒತ್ತಿದ್ದರು. ಉಂಡೆಯ ಮೇಲೆ ಸ್ಮಶಾನದ ಕಾವಲಿನ ನರಿ, ಅದರ ಕೆಳಗೆ ಕೈ ಕಟ್ಟಿದ ಒಂಬತ್ತು ಸೆರೆಯಾಳುಗಳು. ಆ ಹಗ್ಗದ ಫೋಟೋ ಈಗಲೂ ನೋಡಲು ಸಿಗುತ್ತದೆ. ಎಳೆ ಎಳೆಯಾಗಿ ಹೊಸೆದದ್ದು ಹಾಗೇ ಕಾಣುತ್ತದೆ, 3,200 ವರ್ಷ ದಾಟಿದ್ದರೂ.

ಆ ಹಗ್ಗ ಯಾರನ್ನು ತಡೆದೀತು? ಒಂದು ಸಣ್ಣ ಚಾಕು ಸಾಕಿತ್ತು. ಮಣ್ಣನ್ನು ಹೆಬ್ಬೆರಳಲ್ಲೇ ಪುಡಿ ಮಾಡಬಹುದಿತ್ತು. ಆದರೆ ಅದು ಇಡಿಯಾಗಿ ಇದ್ದುದರಿಂದಲೇ ಕಾರ್ಟರ್‌ಗೆ ಗೊತ್ತಾಯಿತು, ಇಲ್ಲಿಂದ ಒಳಗೆ ಯಾರೂ ಹೋಗಿಲ್ಲ ಎಂದು. ಬೀಗ ತನ್ನ ಬಲದಿಂದ ಕಾಯುತ್ತದೆ. ಸೀಲ್ ಕಾಯುವ ರೀತಿ ಬೇರೆ: ಅದನ್ನು ಯಾರು ಬೇಕಾದರೂ ಒಡೆಯಬಹುದು, ಒಡೆದದ್ದನ್ನು ಮುಚ್ಚಿಡುವುದು ಮಾತ್ರ ಆಗುವುದಿಲ್ಲ.

ಸಿಂಧೂ ಕಣಿವೆಯ ಮುದ್ರೆಗಳೆಂದರೆ ನಮಗೆ ನೆನಪಾಗುವುದು ಒಂಟಿಕೊಂಬಿನ ಪ್ರಾಣಿ ಇರುವ ಮೃದುಗಲ್ಲಿನ ಬಿಲ್ಲೆಗಳು. ಅದರ ಮೇಲಿನ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅದೇ ನಾಗರಿಕತೆಯ ಊರಾದ ಗುಜರಾತಿನ ಲೋಥಾಲ್‌ನ ಉಗ್ರಾಣದಲ್ಲಿ ಸಿಕ್ಕ ಮಣ್ಣಿನ ತುಣುಕುಗಳು. ಮುಂದೆ ಮುದ್ರೆಯ ಅಚ್ಚು, ಹಿಂದೆ ಚಾಪೆಯ ಹೆಣಿಗೆ, ಬಟ್ಟೆಯ ನೇಯ್ಗೆ, ಹುರಿಯ ಗುರುತು. ಅಂದರೆ ಸರಕಿನ ಮೂಟೆಗೆ ಕಟ್ಟಿದ ಹುರಿಯ ಮೇಲೆ ಹಸಿಮಣ್ಣು ಒತ್ತಿ ಮುದ್ರೆ ಹಾಕಿದ್ದರು. ಮೂಟೆ ಹೋಯಿತು, ಹುರಿ ಹೋಯಿತು, ಅವುಗಳ ನೆರಳು ಮಣ್ಣಿನ ಬೆನ್ನಲ್ಲಿ ಉಳಿಯಿತು.

ಆ ಹಸಿಮಣ್ಣು ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತಿತ್ತು. ಮೂಟೆಯ ಬಾಯಿ ಬಿಗಿಯುತ್ತಿತ್ತು, ಇದು ಯಾರದು ಎಂದೂ ಹೇಳುತ್ತಿತ್ತು. ಕಾಲ ಕಳೆದಂತೆ ಆ ಎರಡು ಕೆಲಸಗಳು ಬೇರೆಬೇರೆ ಆದವು. ಕಚೇರಿಯ ಮೇಜಿನ ಮೇಲಿನ ರಬ್ಬರ್ ಠಸ್ಸೆ ಹೇಳುತ್ತದೆ ಅಷ್ಟೆ, ಏನನ್ನೂ ಮುಚ್ಚುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ಸೀಲ್ ತಡೆಯುತ್ತದೆ ಅಷ್ಟೆ, ಏನನ್ನೂ ಹೇಳುವುದಿಲ್ಲ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು ಉಳಿಯಿತು. ನಾನು ಎಡವಿದ್ದು ಅಲ್ಲೇ.

ಹೇಳುವ ಸೀಲಿಗೆ ಒಂದು ಕಾಲದಲ್ಲಿ ಇದ್ದ ತೂಕವನ್ನು ಈಗ ಊಹಿಸುವುದೂ ಕಷ್ಟ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಸಹಿ ಹಾಕಿದ ಎಂದು ಎಲ್ಲೆಡೆ ಓದುತ್ತೇವೆ, ಚಿತ್ರಗಳಲ್ಲಿ ಕೈಗೆ ಲೇಖನಿಯನ್ನೂ ಕೊಟ್ಟಿರುತ್ತಾರೆ. ಆದರೆ ಅದಕ್ಕೆ ಬಿದ್ದದ್ದು ಮೇಣದ ಮುದ್ರೆ, ಸಹಿಯಲ್ಲ. 1688ರಲ್ಲಿ ಅಲ್ಲಿನ ದೊರೆ ಎರಡನೇ ಜೇಮ್ಸ್ ಲಂಡನ್ನಿನಿಂದ ಓಡಿಹೋಗುವಾಗ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದ ಎನ್ನುತ್ತಾರೆ. ಮುದ್ರೆಯೇ ಇಲ್ಲದಿದ್ದರೆ ಆಡಳಿತ ಹೇಗೆ ನಡೆದೀತು ಎಂಬ ಲೆಕ್ಕ. ಪೋಪ್ ತೀರಿಕೊಂಡರೆ ಅವರ ಮುದ್ರೆಯುಂಗುರವನ್ನು ಹಾಳುಗೆಡವುವ ಪದ್ಧತಿಯ ಹಿಂದೆ ಇದ್ದದ್ದೂ ಅದೇ ಭಯ: ಸತ್ತವರ ಹೆಸರಲ್ಲಿ ಯಾರೂ ಆಜ್ಞೆ ಹೊರಡಿಸಬಾರದು.

ತಡೆಯುವ ಸೀಲಿನ ಕಥೆ ಇನ್ನೂ ಗಂಭೀರ. 1986ರ ಜನವರಿ 28, ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೇರಿ 73 ಸೆಕೆಂಡಿಗೆ ಛಿದ್ರವಾಯಿತು, ಏಳು ಜನ ಸತ್ತರು. ಬಲಗಡೆಯ ಬೂಸ್ಟರ್ ರಾಕೆಟ್ಟಿನ ತುಂಡುಗಳು ಕೂಡುವ ಕಡೆ ಇದ್ದ ಓ-ರಿಂಗ್ ಎಂಬ ರಬ್ಬರ್ ಬಳೆ ಬಿಸಿ ಅನಿಲವನ್ನು ತಡೆಯಲಿಲ್ಲ. ಅಂದು ವಿಪರೀತ ಚಳಿ. ವಿಚಾರಣೆಯ ಹೊತ್ತಿನಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ಒಂದು ಚೂರನ್ನು ಪುಟ್ಟ ಕ್ಲ್ಯಾಂಪಿನಲ್ಲಿ ಬಿಗಿದು, ಕುಡಿಯಲು ಇಟ್ಟಿದ್ದ ಐಸ್ ನೀರಿನ ಲೋಟದಲ್ಲಿ ಮುಳುಗಿಸಿದರು. ತೆಗೆದು ಕ್ಲ್ಯಾಂಪ್ ಬಿಚ್ಚಿದರೆ, ಒತ್ತಿದ ರಬ್ಬರ್ ಥಟ್ಟನೆ ಉಬ್ಬಲಿಲ್ಲ. ಸೀಲ್ ಆಗಲು ರಬ್ಬರ್ ಗಟ್ಟಿ ಇದ್ದರೆ ಸಾಲದು, ಒತ್ತಿದಾಗ ಬಾಗಿ, ಬಿಟ್ಟಾಗ ಮರಳಿ ಬಂದು ಸಂದು ತುಂಬಬೇಕು. ಚಳಿಗೆ ಅದು ಸೆಟೆದಿತ್ತು. ನನ್ನ ‘ಮುದ್ರೆ ಸವೆದಿದ್ದರೆ’ ಎಂಬ ಸಾಲು ನೆನಪಾದಾಗಲೆಲ್ಲ ಆ ಲೋಟವೂ ನೆನಪಾಗುತ್ತದೆ.

ಕನ್ನಡದಲ್ಲಿ ನಮಗೆ ಪದದ ಬರ ಇಲ್ಲ. ಮುದ್ರೆ ಇದೆ, ಮೊಹರು ಇದೆ, ಠಸ್ಸೆ ಇದೆ, ಅರಗು ಇದೆ, ಬೀಗಮುದ್ರೆ ಎಂಬ ಸೊಗಸಾದ ಜೋಡಿಪದವಿದೆ. ಬೀಗಮುದ್ರೆಯಲ್ಲಂತೂ ತಡೆಯುವುದೂ ಹೇಳುವುದೂ ಒಟ್ಟಿಗೇ ಕೂತಿವೆ, ಇಂಗ್ಲಿಷಿಗಿಂತ ಸ್ಪಷ್ಟವಾಗಿ. ಆದರೂ ಸುದ್ದಿಯಲ್ಲಿ ‘ನ್ಯಾಯಾಲಯಕ್ಕೆ ಮುಚ್ಚಿದ ಲಕೋಟೆಯಲ್ಲಿ ವರದಿ’ ಎಂದು ಓದಿದಾಗ ನನಗೆ ಸಂಕಟವಾಗುತ್ತದೆ. ಅಂಟಿಸಿದ ಎಲ್ಲ ಲಕೋಟೆಯೂ ಮುಚ್ಚಿದ ಲಕೋಟೆಯೇ. ‘ಮೊಹರು ಮಾಡಿದ ಲಕೋಟೆ’ ಎಂದರೆ ಮಾತ್ರ ನಡುವೆ ಯಾರೂ ಬಿಚ್ಚಿಲ್ಲ ಎಂಬ ಭರವಸೆ ಬರುತ್ತದೆ. ಆ ಭರವಸೆಗಾಗಿಯೇ ಅಲ್ಲವೇ ಅಷ್ಟು ಶ್ರಮ?

ಇಂಗ್ಲಿಷ್ ನುಡಿಗಟ್ಟುಗಳ ಅನುವಾದಕ್ಕೆ ಬಂದರೆ, ಅಲ್ಲಿ ಸೀಲನ್ನು ಪೂರ್ತಿ ಬಿಟ್ಟುಬಿಡುವುದೇ ಸರಿ. ‘ಅವನ ವಿಧಿಯನ್ನು ಮೊಹರು ಮಾಡಿತು’ ಎಂಬ ಸಾಲನ್ನು ನಾನು ನಿಜವಾಗಿಯೂ ಓದಿದ್ದೇನೆ. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಬಾರದೇ? ತುಟಿಗೆ ಸೀಲ್ ಹಾಕಿಕೊಂಡೆ ಅನ್ನುವವರು ಕನ್ನಡದಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಒಪ್ಪಂದಕ್ಕೆ ಸೀಲ್ ಬಿದ್ದರೆ ಮಾತು ಪಕ್ಕಾ ಆಯಿತು. ಅಮೆರಿಕದ ನೌಕಾಪಡೆಯ ಸೀಲ್ ತುಕಡಿಗೆ ಮಾತ್ರ ಏನೂ ಮಾಡುವಂತಿಲ್ಲ. 1962ರಲ್ಲಿ ಶುರುವಾದ ಆ ಪಡೆಯ ಹೆಸರು ಸಮುದ್ರ, ಆಕಾಶ, ನೆಲ ಎಂಬ ಮೂರು ಇಂಗ್ಲಿಷ್ ಪದಗಳಿಂದ ಹೆಕ್ಕಿದ ಅಕ್ಷರಗಳು, ಹಾಗೇ ಇಟ್ಟುಕೊಳ್ಳಬೇಕು.

ಉಳಿದದ್ದು ಸೀಲ್ ಎಂಬ ಪ್ರಾಣಿ, ನಮ್ಮ ಕಡಲನಾಯಿ. ಕಡಲನಾಯಿಯ ಸೀಲ್‌ಗೂ ಮುದ್ರೆಯ ಸೀಲ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಹಳೆಯ ಇಂಗ್ಲಿಷಿನ ‘ಸೆಯೊಲ್ಹ್’ ಎಂಬ ಬೇರೆಯೇ ಪದದಿಂದ ಬಂದದ್ದು, ಉಚ್ಚಾರ ಸವೆದು ಎರಡೂ ಒಂದೇ ಆಗಿಬಿಟ್ಟವು. (ಇದನ್ನು ‘ಸೀಲ್ ಮೀನು’ ಎಂದು ಬರೆಯುವವರಿಗೊಂದು ವಿನಂತಿ: ಅದು ಮರಿಗೆ ಹಾಲೂಡಿಸುವ ಪ್ರಾಣಿ.) ನಂಟಿಲ್ಲದಿದ್ದರೂ ಒಂದು ಸಂಗತಿ ತಿಳಿದಾಗ ನಾನು ಬೆರಗಾದೆ. ಸುಮ್ಮನಿದ್ದಾಗ ಕಡಲನಾಯಿಯ ಮೂಗಿನ ಹೊಳ್ಳೆಗಳು ಮುಚ್ಚಿಯೇ ಇರುತ್ತವೆ. ಉಸಿರಾಡಬೇಕಾದರೆ ಸ್ನಾಯು ಬಿಗಿದು ತೆರೆಯಬೇಕು. ಅಂಟಾರ್ಕ್ಟಿಕಾದ ವೆಡೆಲ್ ಸೀಲ್ ಒಂದು ಗಂಟೆಗೂ ಹೆಚ್ಚು ಹೊತ್ತು ನೀರೊಳಗೆ ಇರಬಲ್ಲದು. ಮೇಲೆ ಬಂದರೆ ತಲೆಯ ಮೇಲೆ ಹೆಪ್ಪುಗಟ್ಟಿದ ಕಡಲು. ಅದು ಹಲ್ಲಿನಿಂದ ಹಿಮ ಕೆರೆದು ಉಸಿರಿನ ಕಿಂಡಿಯನ್ನು ತೆರೆದಿಟ್ಟುಕೊಳ್ಳುತ್ತದೆ, ಹಿಮ ಮತ್ತೆ ಕಟ್ಟುತ್ತದೆ, ಮತ್ತೆ ಕೆರೆಯುತ್ತದೆ. ಹೀಗೆ ಕೆರೆದು ಕೆರೆದೇ ಅದರ ಹಲ್ಲು ಸವೆಯುತ್ತವೆ.